ಊರಿಗೊಂದೇ ‘ಸೆಟ್’

‘ಸೆಟ್’ ಎಂಬ ಇಂಗ್ಲಿಷ್ ಪದ ನಮ್ಮೂರಿನ ಪಾಲಿಗೆ ಬಂದಿದ್ದು ಒಂದೇ ಒಂದು. ಅದು ವೀರಭದ್ರನ ಗುಡಿಯ ತಾಮ್ರದ ಡಬ್ಬಿಯಲ್ಲಿರುತ್ತದೆ. ಬೇಕಾದವರು ಕೈಮುಗಿದು ಒಯ್ಯುತ್ತಾರೆ, ದೀಪ ಹಚ್ಚುವುದರೊಳಗೆ ತಂದಿಡುತ್ತಾರೆ. ಅದಿಲ್ಲದ ದಿನ ಹೋಟೆಲಿನಲ್ಲಿ ದೋಸೆ ಒಂಟಿಯಾಗಿ ಬರುತ್ತದೆ, ಮದುವೆಯ ಮಾತು ಮುರಿದುಬೀಳುತ್ತದೆ.

ಅಂದು ನೀಲವ್ವನನ್ನು ನೋಡಲು ಬಂದ ಗಂಡಿನವರು ಸಂಜೆಯ ಬಸ್ಸಿಗೆ ಹೊರಡುವವರಿದ್ದರು. ಅವಳ ಅಜ್ಜಿ ಗುರಸಿದ್ದವ್ವ ಗುಡಿಗೆ ಓಡಿದರೆ ಡಬ್ಬಿ ಖಾಲಿ. ಗೌಂಡಿ ಮೌಲಾಸಾಬ ಪದವನ್ನು ಗುಡಿಯ ಹೊಸ ಪ್ರಸಾದದ ಮನೆಯ ಹಸಿ ಸ್ಲ್ಯಾಬು ಗಟ್ಟಿಯಾಗಲೆಂದು ಅದಕ್ಕೆ ಕಟ್ಟಿದ್ದ.

“ಒಂದ್ ತಾಸು ಕೊಡೋ ಮೌಲಾ.”

“ಈಗ ಬಿಚ್ಚಿದ್ರ ಸ್ಲ್ಯಾಬ್ ನನ್ನ ತಲಿ ಮ್ಯಾಲೇ ಬರ್ತದ, ಅವ್ವಾ!”

ಅಜ್ಜಿ ದೇವರತ್ತ ತಿರುಗಿ ಕಣ್ಣು ಮುಚ್ಚಿದಳು. ಬಳಿಕ ಗಂಡಿನವರನ್ನೂ ನೀಲವ್ವನನ್ನೂ ಅಲ್ಲಿಗೇ ಕರೆತಂದು ಸ್ಲ್ಯಾಬಿನ ಕೆಳಗೆ ಜಮಖಾನೆ ಹಾಸಿ ಕೂರಿಸಿದಳು. ಇದ್ದೊಂದು ಪದ ಎರಡು ಕೆಲಸಕ್ಕೆ ಹಂಚಿಹೋಯಿತು. ಆಸರೆಯ ಕಂಬಗಳು ಕಿರುಗುಟ್ಟಿದವು. ಗಂಡಿನ ತಂದೆಯ ಬೋಳುತಲೆಗೆ ಸಿಮೆಂಟಿನ ಹನಿ ಬಿತ್ತು.

“ಇದು ಬೀಳ್ತದೇನ್ರೀ?”

“ನೀವು ಹೂಂ ಅಂದ್ರ ಪದಕ್ಕ ಪುರಸೊತ್ತು ಸಿಗ್ತದ್ರೀ, ಬೀಗರ,” ಎಂದಳು ಅಜ್ಜಿ, ಸಕ್ಕರೆಯ ತಟ್ಟೆ ಮುಂದೆ ಹಿಡಿದು.

“ಹೂಂ! ಹೂಂ!”

ಕಿರುಗುಟ್ಟುವುದು ನಿಂತಿತು. ಆದರೂ ಹುಡುಗ ಮಾತ್ರ ನೀಲವ್ವನ ಪಕ್ಕದ ಕಂಬವನ್ನು ಎರಡೂ ಕೈಯಿಂದ ಬಿಗಿಹಿಡಿದು ನಿಂತೇ ಇದ್ದ. ಅದನ್ನು ನೋಡಿ ನೀಲವ್ವ ತಾನೂ ಹೂಂ ಅಂದಳು.