ಬಡಿದು ನೋಡದ ಜೋಳ

ಬಡಿಯುತ್ತಿದ್ದ ರೊಟ್ಟಿ ಮೂರನೇ ಸಲವೂ ನಡುವೆ ಸೀಳಿತು. ಮಹಬೂಬೀ ಹಿಟ್ಟನ್ನು ಪರಾತಕ್ಕೆ ಎಸೆದಳು.

“ಜಿಗಿನೇ ಇಲ್ರೀ ಅಕ್ಕಾ ಇದಕ್ಕ. ಉಸುಕು ನಾದಿದಂಗ ಆಗ್ಯದ.”

ಚಂದ್ರಕಲಾ ಗಡಿಯಾರ ನೋಡಿದಳು. ಬೆಳಗಿನ ಏಳಾಗಿತ್ತು. ಮಧ್ಯಾಹ್ನ ಒಂದು ಗಂಟೆಯೊಳಗೆ ಮೂರು ಸಾವಿರ ರೊಟ್ಟಿ ಮಾನ್ವಿಯ ಹೊಸ ಕ್ಯಾಂಟೀನು ಮುಟ್ಟಬೇಕು. ಮೊದಲ ಆರ್ಡರು. ಸರಿಹೋದರೆ ದಿನಾ ಅಷ್ಟೇ ರೊಟ್ಟಿ, ತಪ್ಪಿದರೆ ಕಸಿದುಕೊಳ್ಳಲು ಇನ್ನಿಬ್ಬರು ತುದಿಗಾಲ ಮೇಲೆ ನಿಂತಿದ್ದಾರೆ. ರಾಯಚೂರಿನ ಅವಳ ರೊಟ್ಟಿ ಶೆಡ್ಡಿನಲ್ಲಿ ಇಪ್ಪತ್ತೆರಡು ಒಲೆ ಉರಿಯುತ್ತಿದ್ದವು. ಒಂದು ಹಂಚಿನ ಮೇಲೂ ರೊಟ್ಟಿ ಇರಲಿಲ್ಲ.

ಅತ್ತೆ ಸೂಗಮ್ಮ ಮೂಲೆಯಲ್ಲಿ ಎಲೆಯಡಿಕೆ ಮೆಲ್ಲುತ್ತ ಕೂತಿದ್ದಳು. ಮುದುಕಿಯ ಕಣ್ಣು ಜೋಳದ ಚೀಲಗಳ ಮೇಲಿತ್ತು.

ಹೋದ ವರ್ಷದ ತನಕ ಜೋಳದ ಖರೀದಿ ಸೂಗಮ್ಮನದು. ತನ್ನದೇ ಹಂಚು ಹೊತ್ತು ದೇವದುರ್ಗದ ಬಸ್ಸು ಹತ್ತಿ, ಮಾರುವವರ ಒಲೆಯ ಮುಂದೆ ಕೂತು, ಅವರ ಜೋಳದ ಒಂದು ರೊಟ್ಟಿ ಬಡಿದು ತಿಂದು, ಆಮೇಲೆ ಹೂಂ ಅನ್ನುವವಳು. ಮುನ್ನೂರು ರೊಟ್ಟಿಯ ಕಾಲಕ್ಕೆ ಅದು ನಡೆಯಿತು. ಮೂರು ಸಾವಿರಕ್ಕೆ ನಡೆದೀತೇ? ಚಂದ್ರಕಲಾ ನಿಲ್ಲಿಸಿದಳು. ಫೋನಿನಲ್ಲಿ ಮೂವರ ದರ, ಚೀಲದ ಫೋಟೋ, ಒಂದೇ ತಾಸಿನಲ್ಲಿ ಆರ್ಡರು. “ಒಂದು ರೊಟ್ಟಿ ತಿನ್ನಾಕ ಎರಡು ದಿನ ತಿರುಗ್ತೀರೇನತ್ತಿ?” ಎಂದು ಹೆಂಗಸರ ಮುಂದೆ ನಗಾಡಿದ್ದಳು ಕೂಡ.

“ಒಡದ್ರ ಒಡೀಲಿ, ಹಂಗೇ ಬೇಯಸ್ರಿ!” ಈಗ ಅವಳು ಕೂಗಿದಳು. “ಹಸದವ್ರು ಏನ್ ಚಂದ ನೋಡ್ತಾರ?”

ಸೂಗಮ್ಮ ಎದ್ದು ಬಂದಳು. ಹತ್ತಿರದ ಒಲೆಗೆ ಒಂದು ಚರಿಗೆ ನೀರು ಸುರಿದಳು. ಬೂದಿ ಬುಸ್ ಎಂದು ಎದ್ದಿತು.

“ಒಡದ ರೊಟ್ಟಿ ಈ ಬಾಗಿಲಾ ದಾಟಂಗಿಲ್ಲ.”

ಚಂದ್ರಕಲಾಳ ಸಿಟ್ಟು ನೆತ್ತಿಗೇರಿತು. ಜೋಳ ಕಳಿಸಿದ ದೇವದುರ್ಗದ ವಿರೂಪಣ್ಣನಿಗೆ ಫೋನು ಹಚ್ಚಿ, ಎಲ್ಲರೂ ಕೇಳಲಿ ಎಂದು ಸ್ಪೀಕರು ಒತ್ತಿದಳು.

“ಎಂಥಾ ಜೋಳ ಕೊಟ್ಟಿ ಯಣ್ಣಾ? ಮೋಸ ಮಾಡಾಕ ನಾವೇ ಸಿಕ್ಕಿವೇನು?”

“ಬಾಯಿ ಬಿಗಿ ಹಿಡದು ಮಾತಾಡವ್ವಾ. ಎರಡು ವರ್ಷದ ಹಳೇ ಜೋಳ ಅದು, ಜಿಗಿ ಎಲ್ಲಿಂದ ಬರ್ಬೇಕು? ಹೊಸಾದು ಅಂತ ಯಾವಾಗ ಹೇಳೀನಿ? ನೀ ದರ ಕೇಳಿದಿ, ಹೇಳೀನಿ. ಫೋಟೋ ಕೇಳಿದಿ, ಕಳಸೀನಿ.”

“ರೊಟ್ಟಿಗೆ ಅಂತ ಗೊತ್ತಿರ್ಲಿಲ್ಲೇನು ನಿನಗ?”



“ಹೆಂಗ ಗೊತ್ತಾಗ್ಬೇಕು? ರೊಟ್ಟಿಗೆ ಒಯ್ಯೋರು ಒಲಿ ಮುಂದ ಕುಂತು ತಿಂದು ಒಯ್ತಾರ. ಈ ಸಲ ಸೂಗಮ್ಮ ಬರ್ಲಿಲ್ಲ, ನೀನೂ ಬರ್ಲಿಲ್ಲ. ಯಾಪಾರ ಬೆಳದದ, ಎಮ್ಮಿ ಕಟ್ಟ್ಯಾರ, ದನಕ್ಕ ಬೇಕಾಗ್ಯದ ಅಂತ ತಿಳಕೊಂಡೆ.”

ಇಪ್ಪತ್ತೆರಡು ಹೆಂಗಸರಲ್ಲಿ ಒಬ್ಬಳೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಚಂದ್ರಕಲಾ ಮಾನ್ವಿಯ ನಂಬರು ಒತ್ತಿದಳು. ಇವತ್ತು ರೊಟ್ಟಿ ಬರುವುದಿಲ್ಲ ಎಂದಳು. ಅತ್ತಲಿಂದ ಬಂದ ಬೈಗುಳವನ್ನು ಕಡೆಯ ಮಾತಿನವರೆಗೂ ನಿಂತು ಕೇಳಿದಳು. ನಾಳೆಯೂ ಬೇಡ ಎಂಬುದೇ ಆ ಕಡೆಯ ಮಾತು.

ತಿರುಗಿದಾಗ ಸೂಗಮ್ಮ ಗೋಡೆಯ ಮೊಳೆಯಿಂದ ತನ್ನ ಸಣ್ಣ ಹಂಚನ್ನು ಇಳಿಸಿದ್ದಳು. ವರ್ಷದ ಧೂಳನ್ನು ಸೆರಗಿನಿಂದ ಒರೆಸಿ ಸೊಸೆಯ ಕೈಗಿಟ್ಟಳು.

“ಎಂಟಕ್ಕ ದೇವದುರ್ಗದ ಬಸ್ಸು ಅದ,” ಎಂದಳು. “ಏನೂ ತಿನಬ್ಯಾಡ. ಹಸದು ಹೋಗು.”