ಕಣ್ಣು ಮುಚ್ಚಿದ ಬೆಕ್ಕು

ಹೆಂಡತಿ ಮತ್ತೆ ಫೋನ್ ನೋಡಿ ನಕ್ಕಳು. ಮುಂದಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಬಡಗಿಯ ಉಳಿ ಗೆರೆ ತಪ್ಪಿತು.

ಮೂರು ಹೊತ್ತೂ ಇದೇ. ಒಲೆಯ ಮುಂದೆ ಫೋನ್, ಬಟ್ಟೆ ಒಗೆಯುವಾಗ ಫೋನ್. ಗಂಡನಾದ ತಾನು ಕರೆದರೆ ಮಾತ್ರ ಜಾಣ ಕಿವುಡು. ಮಗಳು ಆ ಸ್ಥಿತಿಯಲ್ಲಿರುವಾಗ ಇವಳಿಗೆ ನಗುವಾದರೂ ಹೇಗೆ ಬರುತ್ತದೆ ಎಂದು ಅವನ ಹೊಟ್ಟೆ ಉರಿಯುತ್ತಿತ್ತು.

ಮಗಳು ಕಾಲೇಜು ಬಿಟ್ಟು ಕೋಣೆ ಸೇರಿದ್ದಳು. ಹಗಲಿರುಳೂ ಕೈಯಲ್ಲಿ ಫೋನ್. ನಿದ್ದೆಯಿಲ್ಲ, ಸ್ನಾನವಿಲ್ಲ, ಹೆತ್ತವರೊಂದಿಗೆ ಮಾತಿಲ್ಲ. ಒಮ್ಮೆ ಅದನ್ನು ಕಸಿದುಕೊಂಡಾಗ ಸಾಯಲು ಹೊರಟಿದ್ದಳು. ಅಂದೇ ಬಡಗಿ ಆ ಬಾಗಿಲಿನ ಒಳಚಿಲಕವನ್ನು ಕೈಯಾರೆ ಕಳಚಿ ಹಾಕಿದ್ದ. ಆಸ್ಪತ್ರೆಗೆ ಬಾ ಎಂದರೆ ಅವಳು ಗೋಡೆಗೆ ಮುಖ ತಿರುಗಿಸುತ್ತಿದ್ದಳು.

ಈಚೆಗೆ ಆ ಕೋಣೆಯಲ್ಲೂ ಆಗೊಮ್ಮೆ ಈಗೊಮ್ಮೆ ನಗು ಕೇಳುತ್ತಿತ್ತು. ಇವಳು ನಕ್ಕಾಗ ಅವಳೂ. ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಇಬ್ಬರಿಗೂ ಒಂದೇ ಹುಚ್ಚು. ಒಂದೇ ಸಮಾಧಾನವೆಂದರೆ ತಟ್ಟೆ ಖಾಲಿಯಾಗಿ ಹೊರಬರುತ್ತಿತ್ತು. ಮಗಳು ಬಾಯಿ ಬಿಡದಿದ್ದರೂ ಅವಳಿಗೆ ಬೇಕೆನಿಸಿದ್ದನ್ನೇ ಹೆಂಡತಿ ಮಾಡುತ್ತಿದ್ದಳು.

"ಯಾರದು?" ಎಂದು ಕೇಳಿದ.

"ಮೆಲ್ಲಗೆ ಮಾತಾಡಿ. ಅವಳಿಗೆ ಕೇಳಿಸುತ್ತೆ."

"ಕೇಳಿಸ್ಲಿ! ಅಮ್ಮನ ಬಂಡವಾಳ ಅವಳಿಗೂ ಗೊತ್ತಾಗ್ಲಿ."

"ಇವತ್ತೊಂದಿನ ತಡ್ಕೊಳ್ಳಿ. ನಾಳೆ ನಾನೇ ಎಲ್ಲಾ ಹೇಳ್ತೀನಿ."

ಅವನು ಫೋನ್ ಕಸಿದುಕೊಂಡ. ಆ ಕಡೆಯವರಿಗೆ ಹೆಸರಿಲ್ಲ, ಕಣ್ಣು ಮುಚ್ಚಿದ ಬೆಕ್ಕಿನ ಚಿತ್ರ. ಅದರ ಪಕ್ಕದಲ್ಲಿ ಒಂದು ಸಾಲು: 'ನಂಗೆ ಇರೋದು ನೀನೊಬ್ಬಳೇ. ಆಯ್ತು, ನಾಳೆ ಬರ್ತೀನಿ. ನೀನೂ ಬರ್ಬೇಕು.'

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಗೊತ್ತಾಗದೆ? ಬಡಗಿ ಫೋನನ್ನು ಮಣೆಯ ಮೇಲಿಟ್ಟು ಸುತ್ತಿಗೆ ಬೀಸಿದ. ಗಾಜು ಪುಡಿಪುಡಿಯಾಯಿತು. ಹೆಂಡತಿ ಮಗಳ ಬಾಗಿಲನ್ನೇ ನೋಡುತ್ತಾ ಕುಸಿದು ಕೂತಳು.

ಸ್ವಲ್ಪ ಹೊತ್ತಿಗೆ ಆ ಬಾಗಿಲು ತೆರೆಯಿತು. ಎಷ್ಟೋ ದಿನಗಳ ಮೇಲೆ ಮಗಳು ಹೊರಗೆ ಬಂದು, ಫೋನನ್ನು ಅವನತ್ತ ಚಾಚಿದಳು.

"ಅಪ್ಪಾ, ನನ್ನ ಫ್ರೆಂಡ್ ಉತ್ತರ ಕೊಡ್ತಿಲ್ಲ. ಆಸ್ಪತ್ರೆಗೆ ಹೋಗು, ನಾನೂ ಜೊತೆಗೆ ಬರ್ತೀನಿ ಅಂದಿದ್ಲು. ನಾನು ಹೂಂ ಅಂದ ತಕ್ಷಣ ಮಾಯ ಆಗ್ಬಿಟ್ಲು."

ಪರದೆಯ ಮೇಲೆ, ಮಗಳ ಹೆಸರಿರಬೇಕಾದ ಕಡೆ, ಅದೇ ಬೆಕ್ಕು ಕಣ್ಣು ಮುಚ್ಚಿ ಕೂತಿತ್ತು. ಪಕ್ಕದಲ್ಲಿ, ಅವನು ಈಗಷ್ಟೇ ಓದಿದ್ದ ಸಾಲು. ಬಡಗಿಯ ಕೈಯಿಂದ ಸುತ್ತಿಗೆ ಜಾರಿತು.

ಮಗಳ ನೋಟ ಮಣೆಯ ಮೇಲಿನ ಚೂರುಗಳಿಗೆ ಹೋಯಿತು, ಅಲ್ಲಿಂದ ಅಮ್ಮನ ಮುಖಕ್ಕೆ.

"ನೀನಾ? ಹಾಗಾದ್ರೆ ಅವಳು ಇಲ್ವೇ ಇಲ್ವಾ?"

ಅವಳ ಕೋಣೆಯ ಬಾಗಿಲು ಮುಚ್ಚಿತು. ಚಿಲಕವಿಲ್ಲದ ಆ ಬಾಗಿಲಿಗೆ ಅಡ್ಡಲಾಗಿ, ಬಡಗಿಯೇ ಮಾಡಿಕೊಟ್ಟಿದ್ದ ಭಾರದ ಮಂಚವನ್ನು ಒಳಗಿನಿಂದ ಎಳೆಯುವ ಸದ್ದು ಕೇಳಿಸಿತು.