ಕೋರೆಯಿಂದ ಎತ್ತಿದವರು

ಪುರಂದರ ಬಗ್ಗಿ ಪಾದ ಮುಟ್ಟಲು ಕೈ ಚಾಚಿದ್ದೇ ತಡ, ಕಿನ್ನಿಯಕ್ಕ ಎರಡೂ ಕಾಲುಗಳನ್ನು ಸೀರೆಯೊಳಕ್ಕೆ ಎಳೆದುಕೊಂಡಳು. ಮಡಿಲಲ್ಲಿದ್ದ ಬೀಡಿ ಕಟ್ಟುವ ಮೊರದಂಥ ತಡ್ಪೆ ವಾಲಿ ಹೊಗೆಸೊಪ್ಪಿನ ಪುಡಿ ಜಗಲಿಯ ಮೇಲೆ ಚೆಲ್ಲಿತು.

“ಕಾಲು ಹಿಡಿಯುವುದೆಲ್ಲ ಬೇಡ. ಬೈಯುವುದಿದ್ದರೆ ಬೈದು ಹೋಗು.”

ಪುರಂದರ ತಬ್ಬಿಬ್ಬಾದ. ಉಪ್ಪಳದಿಂದ ಎರಡು ಬಸ್ಸು ಬದಲಿಸಿ ಅವನು ವರ್ಕಾಡಿಯ ಈ ಗುಡ್ಡೆ ಹತ್ತಿದ್ದು ಉಪಕಾರ ನೆನೆಯಲು. ಕೈಯಲ್ಲಿ ಒಂದು ಹತ್ತಿ ಸೀರೆ, ಒಂದು ಕಿಲೋ ಮುಸುಂಬಿ ಇತ್ತು. ಬೈಯುವುದು ಎಂತಕ್ಕೆ?

ಕುಡಿತ ಬಿಟ್ಟು ಅವನಿಗೆ ಒಂಬತ್ತು ತಿಂಗಳು. ಹದಿನಾರರಲ್ಲಿ ಹಿಡಿದದ್ದನ್ನು ನಲವತ್ತೆರಡರಲ್ಲಿ ಕೆಳಗಿಟ್ಟಿದ್ದ. ಹಗಲು ಹೇಗೋ ಕಳೆಯುತ್ತಿತ್ತು. ಹೊತ್ತು ಕಂತುವಾಗ ಮಾತ್ರ ಎದೆಯೊಳಗೆ ತಣ್ಣಗೆ ಏನೋ ಇಳಿಯುತ್ತಿತ್ತು. ಅದು ಏನೆಂದು ಮದ್ಯವರ್ಜನ ಶಿಬಿರದ ಮೇಡಂ ಕೆದಕಿ ಕೆದಕಿ ಕೇಳಿದಾಗ, ಯಾರಿಗೂ ಹೇಳದ ಕಥೆ ಅವನ ಬಾಯಿಂದ ಹೊರಬಂದಿತ್ತು. ಅವನಿಗಾಗ ಏಳು ವರ್ಷ. ಹೊಡೆತ ತಾಳಲಾರದೆ ಅಮ್ಮ ತವರಿಗೆ ಹೋದ ಮಾರನೆಯ ದಿನ ಅಪ್ಪ ಚೆನ್ನಪ್ಪ ಮಧ್ಯಾಹ್ನವೇ ಕುಡಿದು ಬಂದ. ಅವನನ್ನೂ ಮೂರು ವರ್ಷದ ತಂಗಿ ಲೋಲಾಕ್ಷಿಯನ್ನೂ ಕೆಂಪುಕಲ್ಲು ಕಡಿದು ಪಾಳುಬಿಟ್ಟ ಕೋರೆಯ ಹೊಂಡಕ್ಕೆ ಇಳಿಸಿ, “ಅಮ್ಮ ಬರುವವರೆಗೆ ಇಲ್ಲೇ ಬಿದ್ದಿರಿ” ಎಂದು ಏಣಿ ಎಳೆದುಕೊಂಡು ಗಡಂಗಿಗೆ ನಡೆದ.

“ಮತ್ತೆ ನಿಮ್ಮನ್ನು ಮೇಲೆ ಎತ್ತಿದ್ದು ಯಾರು?” ಎಂದಿದ್ದರು ಮೇಡಂ.

ಆ ಪ್ರಶ್ನೆಯನ್ನು ಅವನು ತನಗೆ ತಾನು ಕೇಳಿಕೊಂಡೇ ಇರಲಿಲ್ಲ. ತಂಗಿಗೆ ಏನೂ ನೆನಪಿಲ್ಲ, ಅಮ್ಮ ಈಗ ಇಲ್ಲ. ಅವನಿಗೆ ನೆನಪಿದ್ದದ್ದು ಒಂದು ಹೆಗಲು, ಅದರ ಬೀಡಿ ಎಲೆಯ ವಾಸನೆ, ಅಷ್ಟೇ. ಆಗ ಆ ಗುಡ್ಡೆಯಲ್ಲಿ ಬೀಡಿ ಕಟ್ಟುತ್ತಿದ್ದವಳು ಕಿನ್ನಿಯಕ್ಕ ಒಬ್ಬಳೇ. ಯಾರೋ ಒಬ್ಬರು ಬಂದಿದ್ದರು ಎಂಬ ನೆನಪನ್ನು ಹಿಡಿದುಕೊಂಡೇ ಎಷ್ಟೋ ಸಂಜೆಗಳನ್ನು ಅವನು ಕುಡಿಯದೆ ದಾಟಿದ್ದ.

ಇದನ್ನೆಲ್ಲ ಅವನು ಹೇಳಿ ಮುಗಿಸುವವರೆಗೂ ಕಿನ್ನಿಯಕ್ಕ ಚೆಲ್ಲಿದ ಪುಡಿಯನ್ನು ಬೆರಳಲ್ಲಿ ಒಟ್ಟು ಮಾಡುತ್ತಾ ಇದ್ದಳು.

“ನಾನು ಬರಲಿಲ್ಲ,” ಎಂದಳು ಕೊನೆಗೆ. “ನಿನ್ನ ಅಪ್ಪ ನಿಮ್ಮನ್ನು ಎಳೆದುಕೊಂಡು ಹೋದದ್ದನ್ನು ಇದೇ ಜಗಲಿಯಲ್ಲಿ ಕೂತು ನೋಡಿದ್ದೇನೆ. ಲೋಲಾಕ್ಷಿ ಕೂಗುವುದೂ ಕೇಳುತ್ತಿತ್ತು. ಅವನ ಕೈಯಲ್ಲಿ ಕತ್ತಿ ಇತ್ತು, ನನಗೆ ಹೆದರಿಕೆ. ಈಗ ಹೋಗುತ್ತೇನೆ, ಇನ್ನೊಂದು ಕಟ್ಟು ಮುಗಿಸಿ ಹೋಗುತ್ತೇನೆ ಅಂತ ಹೊತ್ತು ಕಳೆದೆ. ಇವತ್ತು ನೀನು ಗೇಟು ದಾಟಿ ಬರುವುದು ಕಂಡಾಗ, ಅದನ್ನೇ ಕೇಳಲಿಕ್ಕೆ ಬಂದೆ ಅಂತ ಎಣಿಸಿದೆ.”

“ಹಾಗಾದರೆ ಬಂದದ್ದು ಯಾರು?”

“ಯಾರೂ ಬರಲಿಲ್ಲ ಮಾರಾಯ. ನೀನೇ ಬಂದದ್ದು. ಸಂಜೆ ಐದು ಗಂಟೆ ಆಗಿರಬಹುದು, ತಂಗಿಯನ್ನು ಸೊಂಟದಲ್ಲಿ ಕೂರಿಸಿಕೊಂಡು ಈ ಅಂಗಳದಲ್ಲಿ ನಿಂತಿದ್ದೆ. ಮೊಣಕಾಲು, ಕೈಬೆರಳು ಎಲ್ಲ ರಕ್ತ. ಮಗುವಿಗೆ ನೀರು ಬೇಕು ಅಂದೆ. ನಾನು ಎತ್ತಿಕೊಳ್ಳಲಿಕ್ಕೆ ಹೋದರೆ ನೀನು ಬಿಡಬೇಕಲ್ಲ! ಇಲ್ಲಿ ಕಚ್ಚಿದೆ, ನೋಡು.” ಅವಳು ಮಣಿಕಟ್ಟು ತಿರುಗಿಸಿ ತೋರಿಸಿದಳು. ಸುಕ್ಕುಗಳ ನಡುವೆ ಅಂಥದ್ದೇನೂ ಕಾಣಲಿಲ್ಲ. “ಮತ್ತೆ ನಿದ್ದೆ ಬಂತು ನಿನಗೆ. ಆಗ ಇಬ್ಬರನ್ನೂ ಹೆಗಲ ಮೇಲೆ ಹಾಕಿಕೊಂಡು ನಿನ್ನ ಅಜ್ಜಿ ಮನೆಗೆ ಬಿಟ್ಟು ಬಂದೆ. ನಿನಗೆ ನೆನಪಿರುವುದು ಅದೇ ಇರಬೇಕು.”

ಪುರಂದರ ಜಗಲಿಯ ಅಂಚಿನಲ್ಲಿ ಕುಳಿತುಬಿಟ್ಟ. ಹಿಡಿದುಕೊಂಡಿದ್ದ ಕಂಬವನ್ನು ಯಾರೋ ಪಕ್ಕಕ್ಕೆ ಸರಿಸಿದ ಹಾಗಾಗಿತ್ತು. ಸಿಟ್ಟು ಬರುತ್ತದೇನೋ ಎಂದು ಕಾದ. ಬರಲಿಲ್ಲ. ಬಂದದ್ದು ಬೇರೆಯೇ ಒಂದು ಯೋಚನೆ.

“ಏಣಿ ಇರಲಿಲ್ಲ. ನಾನು ಹತ್ತಿದ್ದು ಹೇಗೆ ಕಿನ್ನಿಯಕ್ಕ?”

“ಅದನ್ನು ನಾನೂ ಮೂವತ್ತೈದು ವರ್ಷದಿಂದ ಯೋಚಿಸುತ್ತಾ ಇದ್ದೇನೆ. ಹೋಗಿ ನೋಡುವ ಧೈರ್ಯ ಬರಲಿಲ್ಲ.”

“ಬನ್ನಿ, ಈಗ ನೋಡುವ.”

ಕೋರೆ ಮನೆಯ ಹಿಂದೆ, ಗೇರುಮರಗಳ ಆಚೆ ಇತ್ತು. ಅವಳು ಕೋಲೂರಿಕೊಂಡು ದಂಡೆಯಲ್ಲಿ ನಿಂತಳು. ಒಂದು ಬದಿಯ ಗೋಡೆ ಹೋದ ಮಳೆಗಾಲದಲ್ಲಿ ಕುಸಿದಿತ್ತು. ಪುರಂದರ ಆ ಕಡೆಯಿಂದ ಬಳ್ಳಿ ಹಿಡಿದು ಇಳಿದ. ಉಳಿದ ಮೂರು ಗೋಡೆಗಳು ಕತ್ತರಿಸಿಟ್ಟ ಹಾಗೆ ನೆಟ್ಟಗೆ, ಅವನ ತಲೆಗಿಂತ ಒಂದು ಗೇಣು ಎತ್ತರ. ಅಂಗೈಯಿಂದ ಗೋಡೆ ಸವರುತ್ತಾ ಅವನು ಸುತ್ತು ಹೊರಟ. ಏಳು ವರ್ಷದ ಹುಡುಗ, ಸೊಂಟದಲ್ಲಿ ಒಂದು ಮಗು. ಸಾಧ್ಯವೇ ಇಲ್ಲ ಎನಿಸಿತು.

ಮೂಲೆಯಲ್ಲಿ ಕಾಲು ಎಡವಿತು. ಅವನು ಜರಿಗಿಡಗಳನ್ನು ಸರಿಸಿದ. ಪಾಚಿ ಹಿಡಿದ ಒಡಕು ಕಲ್ಲುಗಳು ಗೋಡೆಗೆ ಒರಗಿದ್ದವು. ಅಗೆದವರು ಎಸೆದ ರಾಶಿಯಲ್ಲ ಅದು. ಒಂದರ ಮೇಲೊಂದು ಇಟ್ಟದ್ದು. ದೊಡ್ಡವು ಅಡಿಯಲ್ಲಿ, ಎಳೆದು ತಂದ ಹಾಗೆ ಓರೆಕೋರೆ. ಮೇಲಿನವು ತೆಂಗಿನಕಾಯಿಯಷ್ಟೇ, ಅದಕ್ಕಿಂತ ದೊಡ್ಡದು ಒಂದೂ ಇಲ್ಲ. ಸಂದುಗಳಿಗೆ ಚೂರು ಕಲ್ಲು ತುರುಕಿ ಅಲುಗಾಡದ ಹಾಗೆ ಮಾಡಲಾಗಿತ್ತು. ಪುರಂದರ ಮೇಲಿನದೊಂದನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದ. ಮತ್ತೆ ಅದು ಇದ್ದಲ್ಲಿಯೇ, ಇದ್ದ ಹಾಗೆಯೇ ಕೂರಿಸಿದ.

“ಎಂತ ಉಂಟು ಅಲ್ಲಿ?” ಮೇಲಿನಿಂದ ಕಿನ್ನಿಯಕ್ಕ ಕೂಗಿದಳು.

“ಮೆಟ್ಟಿಲು ಉಂಟು.”

“ಮೆಟ್ಟಿಲಾ? ಯಾರು ಕಟ್ಟಿದ್ದು?”

ಅವನು ಆ ಕಲ್ಲಿನ ಮೇಲೆ ತನ್ನ ಅಂಗೈ ಇಟ್ಟ. ಅಲ್ಲಿಂದಲೇ ಹೇಳಿದ:

“ಸಣ್ಣ ಕೈಯವರು.”